ಸೇತುವೆ ಪುಸ್ತಕದ ಹುಡುಕಾಟ

“ಇದೆ ಅಂತ ಎಐ ಹೇಳ್ತಿದೆ, ಇಲ್ಲ ಅಂತ ನೀವು ಹೇಳ್ತಿದೀರಿ. ನಾನು ಯಾರನ್ನ ನಂಬಲಿ ಸರ್?” ಎಂದು ಇತಿಹಾಸದ ಮೇಡಂ ಒಂದು ಚೀಟಿಯನ್ನು ಕಾಲೇಜಿನ ಗ್ರಂಥಪಾಲರ ಮೇಜಿನ ಮೇಲಿಟ್ಟರು. ‘ಹಳೆಯ ಸೇತುವೆಗಳ ಸಾಮಾಜಿಕ ಇತಿಹಾಸ’ ಎಂದಷ್ಟೇ ಬರೆದಿತ್ತು.

ತಪ್ಪು ಗ್ರಂಥಪಾಲರದೇ. ಹೋದ ವಾರ ಅಧ್ಯಾಪಕರಿಗೆಲ್ಲ ಎಐ ಬಳಸುವುದನ್ನು ಹೇಳಿಕೊಟ್ಟವರು ಅವರೇ. ಪ್ರಶ್ನೆ ಕೇಳುವ ಬಗೆ ಚಹಾಕ್ಕೆ ಮುಂಚೆ, ಉತ್ತರವನ್ನು ಪರೀಕ್ಷಿಸುವ ಬಗೆ ಚಹಾ ಆದಮೇಲೆ ಎಂದು ಪಾಠ ಭಾಗ ಮಾಡಿದ್ದರು. ಚಹಾ ಆದಮೇಲೆ ಯಾರೂ ವಾಪಸು ಬರಲಿಲ್ಲ.

ಇಲ್ಲದ ಪುಸ್ತಕಗಳನ್ನೂ ಎಐ ಹುಟ್ಟಿಸಿಬಿಡುತ್ತದೆ ಎಂದು ಗ್ರಂಥಪಾಲರು ಈಗ ಎಷ್ಟು ವಿವರಿಸಿದರೂ, ಪುಸ್ತಕ ಕಳೆದುಕೊಂಡವರು ಹೇಳುವ ಮಾತೇ ಇದು ಎಂದರು ಮೇಡಂ. ಗ್ರಂಥಪಾಲರು ಗೋಡೆಯ ಕ್ಯಾಲೆಂಡರ್ ನೋಡಿದರು. ನಾಳೆಯೇ ಪುಸ್ತಕಗಳ ವಾರ್ಷಿಕ ತಪಾಸಣೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಪುಸ್ತಕವೂ ಕಾಣೆಯಾಗಿಲ್ಲ ಎನ್ನುವುದೇ ಅವರ ಹೆಮ್ಮೆ.

ಪತ್ರಿಕೆ ಓದುತ್ತಿದ್ದ ಗಣಿತದ ಮೇಷ್ಟ್ರು ತಲೆ ಎತ್ತಿದರು. “ಹಸಿರು ರಟ್ಟಿಂದಲ್ವಾ? ನಾನೇ ಓದಿದೀನಿ. ಕೊನೇಲಿ ಸ್ವಲ್ಪ ಎಳೆದಿದಾರೆ.”

ಸಾಕ್ಷಿಯೇ ಸಿಕ್ಕಮೇಲೆ ಕೇಳಬೇಕೇ. ವ್ಯಾಯಾಮದ ಮೇಷ್ಟ್ರು ಏಣಿ ತಂದರು. ಮಧ್ಯಾಹ್ನದ ಹೊತ್ತಿಗೆ ಗ್ರಂಥಪಾಲರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಧೂಳು ಬಳಿದುಕೊಂಡು ಕೆಳಗಿಳಿದರು. ಹಸಿರು ರಟ್ಟಿನವು ನಲವತ್ತು ಸಿಕ್ಕವು, ಸೇತುವೆ ಒಂದರಲ್ಲೂ ಇರಲಿಲ್ಲ.

ದೂರು ಪ್ರಿನ್ಸಿಪಾಲರ ಕೋಣೆಗೆ ಹೋಯಿತು. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಮನುಷ್ಯ, ಪುರಾವೆ ಇಲ್ಲದ್ದನ್ನು ನಂಬುವವರಲ್ಲ. ಯಾವ ಯಾವ ಗ್ರಂಥಾಲಯಗಳ ಪಟ್ಟಿಯಲ್ಲಿ ಹುಡುಕಿದೆ, ಎಲ್ಲೂ ಅಂಥ ಪುಸ್ತಕ ಇಲ್ಲ ಎಂದು ಗ್ರಂಥಪಾಲರು ಒಂದೊಂದಾಗಿ ತೋರಿಸಿದರು. ಪ್ರಿನ್ಸಿಪಾಲರು ತಲೆದೂಗಿದರು. ಮೇಡಂ ಮುಖ ಸಣ್ಣದಾಯಿತು. ಗೆದ್ದೆ ಎಂದುಕೊಂಡರು ಗ್ರಂಥಪಾಲರು.

“ಎಲ್ಲಿ ಮೇಡಂ, ಎಐ ಉತ್ತರ ಕೊಟ್ಟ ಆ ಫೋನ್ ಕೊಡಿ,” ಎಂದು ಪ್ರಿನ್ಸಿಪಾಲರು ಕನ್ನಡಕ ಏರಿಸಿ, ಮೇಡಂ ಓದದೆ ಬಿಟ್ಟಿದ್ದ ಕೊನೆಯ ಸಾಲಿನವರೆಗೂ ಓದಿದರು. ಅಲ್ಲಿ ಲೇಖಕರ ಹೆಸರಿತ್ತು. ಪ್ರಿನ್ಸಿಪಾಲರದೇ ಹೆಸರು, ಇನಿಷಿಯಲ್ ಸಮೇತ.

ಪ್ರಿನ್ಸಿಪಾಲರ ಮುಖ ನಿಧಾನವಾಗಿ ಅರಳಿತು.

“ಬರೆದಿರಬೇಕು ಕಣ್ರೀ,” ಎಂದರು ಮೆಲ್ಲಗೆ. “ಆ ಕಾಲದಲ್ಲಿ ಏನೇನೋ ಬರೀತಿದ್ದೆ.”

“ಸರ್, ನಿಮ್ಮದು ರಸಾಯನಶಾಸ್ತ್ರ...” ಎಂದರು ಗ್ರಂಥಪಾಲರು.

“ಸೇತುವೆಗೆ ತುಕ್ಕು ಹಿಡಿಯಲ್ವೇನ್ರೀ? ಇಂಥ ಪುಸ್ತಕ ಕಳೆದುಬಿಟ್ರಲ್ಲ. ನಾಳೆ ತಪಾಸಣೆಯವರು ಬರೋದ್ರೊಳಗೆ ಹುಡುಕಿಡಿ.”

ಸುದ್ದಿ ಗ್ರಂಥಪಾಲರಿಗಿಂತ ಮುಂಚೆ ಗ್ರಂಥಾಲಯ ತಲುಪಿತ್ತು. ಪ್ರಿನ್ಸಿಪಾಲರ ಪುಸ್ತಕ ಸಿಕ್ಕ ಕೂಡಲೇ ತಮಗೇ ಮೊದಲು ಬೇಕೆಂದು ಹೆಸರು ಬರೆಸಲು ಹದಿನಾಲ್ಕು ಅಧ್ಯಾಪಕರು ಬಾಗಿಲಲ್ಲಿ ಸಾಲು ನಿಂತಿದ್ದರು. ಇಷ್ಟು ಜನ ಓದುಗರನ್ನು ಒಟ್ಟಿಗೆ ಗ್ರಂಥಪಾಲರು ಕಂಡೇ ಇರಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಫ್ಯಾನ್ ಹಾಕಿ, ಹೆಸರು ಬರೆದುಕೊಳ್ಳತೊಡಗಿದರು.