ಮಧ್ಯಾಹ್ನದ ನ್ಯಾಯಮೂರ್ತಿಗಳಿಗೆ ಇಪ್ಪತ್ತಾರನೆಯ ಸ್ವಾರಸ್ಯ

ಮಾನ್ಯರೇ,

ದಿನಂಪ್ರತಿ ಮಧ್ಯಾಹ್ನ ಎರಡೂವರೆಗೆ, ಎರಡು ಸಾಬೂನು ಮತ್ತು ಒಂದು ಮಂಡಿನೋವಿನ ಮುಲಾಮಿನ ಜಾಹೀರಾತು ಮುಗಿದ ಕೂಡಲೇ ನ್ಯಾಯವನ್ನು ಎತ್ತಿಹಿಡಿದು, ಮೂರೂಕಾಲಿಗೆ ಸರಿಯಾಗಿ ಅದನ್ನು ಕೆಳಗಿಟ್ಟು ಮುಖದ ಬಣ್ಣ ಒರೆಸಿಕೊಳ್ಳುವ ತಮ್ಮ ಸನ್ನಿಧಾನಕ್ಕೆ, ಕನ್ನಡಕದಂಗಡಿಯೊಂದರ ಹಿಂಬದಿಯಲ್ಲಿ ಕೂತು ಗಾಜು ಉಜ್ಜುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಮಗೆ ನನ್ನ ನೆನಪಿರಲಾರದು. ನಾಯಿಯ ಕೇಸಿನ ಪ್ರತಿವಾದಿ, ಪಟ್ಟೆ ಅಂಗಿಯವನು, ಅಕ್ಕ ಅಳುವಾಗ ಹಲ್ಲುಕಿರಿದು ನಕ್ಕವನು ಎಂದರೆ ಹೊಳೆಯಬಹುದು. ನನ್ನ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಹಾಗೆಂದರೇ ಹೊಳೆಯುತ್ತದೆ.

ತಮ್ಮ ಕಾರ್ಯಕ್ರಮ ಐನೂರು ಕಂತು ಪೂರೈಸಿದ ಸಂತೋಷಕ್ಕೆ ಕಳೆದ ವಾರ ಪ್ರಸಾರವಾದ ‘ತೆರೆಮರೆಯ ಇಪ್ಪತ್ತೈದು ಸ್ವಾರಸ್ಯಗಳು’ ಎಂಬ ವಿಶೇಷವನ್ನು ಅಂಗಡಿಯ ಕೆಲಸ ಬಿಟ್ಟು, ಯಜಮಾನರಿಂದ ಬೈಸಿಕೊಂಡು, ಕಣ್ಣು ಮಿಟುಕಿಸದೆ ನೋಡಿದೆ. ತಮ್ಮ ಬೆನ್ನ ಹಿಂದಿನ ಕಾನೂನು ಗ್ರಂಥಗಳು ಹಲಗೆಗೆ ಅಂಟಿಸಿದ ಬರೀ ಬೆನ್ನುಗಳು, ಒಳಗೆ ಒಂದು ಹಾಳೆಯೂ ಇಲ್ಲ ಎಂದು ತಿಳಿದು ರೋಮಾಂಚನವಾಯಿತು. ತಮ್ಮ ಕರಿ ನಿಲುವಂಗಿ ಸೊಂಟದವರೆಗೆ ಮಾತ್ರ ಇದ್ದು, ಮೇಜಿನ ಕೆಳಗೆ ತಾವು ಮೊಣಕಾಲು ಕಾಣುವ ಚಡ್ಡಿಯಲ್ಲಿ ನ್ಯಾಯದಾನ ಮಾಡುತ್ತೀರೆಂಬುದೂ, ತಮ್ಮ ಸುತ್ತಿಗೆ ರಬ್ಬರಿನದೆಂಬುದೂ, ಅದರ ಸದ್ದನ್ನು ಆಮೇಲೆ ಬೇರೊಬ್ಬರು ಬಾಗಿಲು ಬಡಿದು ಸೇರಿಸುತ್ತಾರೆಂಬುದೂ ಎಂಥ ಸೊಗಸಾದ ಸಂಗತಿಗಳು! ಇಷ್ಟನ್ನೂ ನಗುನಗುತ್ತ ತಾವೇ ಹೇಳಿಕೊಂಡಿರಲ್ಲ, ಆ ಧೈರ್ಯ ನಿಜವಾದ ನ್ಯಾಯಾಲಯದಲ್ಲಿ ಯಾರಿಗಿದೆ ಹೇಳಿ. ತಮ್ಮ ಕನ್ನಡಕದಲ್ಲಿ ಗಾಜೇ ಇಲ್ಲ ಎಂಬುದನ್ನು ಮಾತ್ರ ತಾವು ಹೇಳಲಿಲ್ಲ. ಅದು ನನಗೆ ಅಂದೇ ಗೊತ್ತಾಗಿತ್ತು. ದೀಪದ ಪ್ರತಿಬಿಂಬ ಬೀಳಬಾರದೆಂದು ತೆಗೆಸಿದ್ದಿರಬೇಕು. ನನ್ನ ವೃತ್ತಿಯಲ್ಲಿ ಇಂಥದ್ದು ಕಣ್ಣಿಗೆ ಬೀಳದೆ ಇರುವುದಿಲ್ಲ. ಕಡತವನ್ನು ತಾವು ಅಷ್ಟು ಹೊತ್ತು ಹುಬ್ಬು ಗಂಟಿಕ್ಕಿ ಓದಿದ್ದು ಬರೀ ಚೌಕಟ್ಟಿನಲ್ಲಿ ಎಂದು ತಿಳಿದೂ ತಮ್ಮ ತೀರ್ಪಿಗೆ ತಲೆಬಾಗಿದೆನಲ್ಲ, ನನ್ನ ಬುದ್ಧಿಗೂ ತಾವೊಂದು ಪ್ರಶಸ್ತಿ ಕೊಡಬೇಕು.

ಕಾರ್ಯಕ್ರಮ ಇಪ್ಪತ್ತೈದಕ್ಕೇ ನಿಂತದ್ದು ಅನ್ಯಾಯವೆನಿಸಿದ್ದರಿಂದ ಇಪ್ಪತ್ತಾರನೆಯದನ್ನು ನಾನೇ ಒದಗಿಸುತ್ತಿದ್ದೇನೆ.

ಕೇಸು ಇಷ್ಟು. ನಮ್ಮಮ್ಮ ಒಂದು ನಾಯಿ ಸಾಕಿದ್ದಳು. ಹೆಸರು ದೊರೆ. ವಯಸ್ಸು ಹದಿಮೂರು, ಒಂದು ಕಿವಿ ಅರ್ಧ, ಹಿಂಗಾಲು ಕುಂಟು, ವಾಸನೆ ಪೂರ್ತಿ. ಅಮ್ಮ ಹೋದಮೇಲೆ ಅದು ಅಕ್ಕನ ಮನೆಯಲ್ಲಿತ್ತು. ಒಂದು ಸಂಜೆ ತಿರುಗಾಡಿಸಿಕೊಂಡು ಬರುತ್ತೇನೆಂದು ಕರೆದುಕೊಂಡು ಹೋದ ನಾನು ವಾಪಸು ಬಿಡಲಿಲ್ಲ. ಅಮ್ಮನ ಕಡೆಯಿಂದ ಉಸಿರಾಡುವ ವಸ್ತು ಅದೊಂದೇ ಉಳಿದಿತ್ತು, ನನಗೂ ಬೇಕೆನಿಸಿತು, ತಪ್ಪು ಮಾಡಿದೆ. ಅಕ್ಕ ಗೇಟಿನ ಬಳಿ ನಿಂತು ಬೀದಿಗೆಲ್ಲ ಕೇಳುವಂತೆ ಬೈದಳು, ನಾನೂ ಬೈದೆ. ಎರಡು ದಿನ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಅಷ್ಟರೊಳಗೆ ಅಕ್ಕ ಸಿಟ್ಟಿನ ಭರದಲ್ಲಿ ತಮ್ಮ ಕಾರ್ಯಕ್ರಮಕ್ಕೊಂದು ಪತ್ರ ಹಾಕಿಬಿಟ್ಟಿದ್ದಳು, ತಮ್ಮ ಸಂಯೋಜಕಿಯವರು ಅಂಥ ಪತ್ರಗಳಿಗೆ ಎಷ್ಟು ಚುರುಕಾಗಿ ಉತ್ತರಿಸುತ್ತಾರೆಂದರೆ ಅಗ್ನಿಶಾಮಕದವರೂ ನಾಚಬೇಕು.

ತೆರೆಯ ಮೇಲೆ ಅಕ್ಕ, ನಾನು ಎದುರುಬದುರು ಕಟಕಟೆಯಲ್ಲಿ ನಿಂತು ಜಗಳವಾಡಿದ್ದನ್ನು ಲೋಕವೆಲ್ಲ ನೋಡಿತು. ಆದರೆ ಮಾನ್ಯರೇ, ತಮ್ಮಲ್ಲಿರುವುದು ಒಂದೇ ಕಟಕಟೆ. ಅಕ್ಕನನ್ನು ಬೆಳಿಗ್ಗೆ ಒಂಬತ್ತಕ್ಕೆ ಅದರಲ್ಲಿ ನಿಲ್ಲಿಸಿದಿರಿ, ಮಧ್ಯಾಹ್ನ ಎರಡಕ್ಕೆ ಅದನ್ನೇ ಇನ್ನೊಂದು ಗೋಡೆಗೆ ತಳ್ಳಿ ನನ್ನನ್ನು ನಿಲ್ಲಿಸಿದಿರಿ. ನನ್ನ ಎದುರಿಗೆ ಎತ್ತರದ ಸ್ಟೂಲು, ಅದರ ಮೇಲೆ ಬೋರಲು ಹಾಕಿದ ನೀಲಿ ಬಕೆಟ್ಟು, ಬಕೆಟ್ಟಿಗೆ ಹಳದಿ ಟೇಪಿನ ಗುರುತು. “ಇವರೇ ನಿಮ್ಮ ಅಕ್ಕ ಅಂದ್ಕೊಳ್ಳಿ ಸಾರ್, ಚೆನ್ನಾಗಿ ಬೈರಿ” ಎಂದರು ಸಂಯೋಜಕಿ. ಬೈದೆ. ಬಕೆಟ್ಟು ತುಂಬ ಸಹನೆಯಿಂದ ಕೇಳಿಸಿಕೊಂಡಿತು. ಆ ದಿನ ಆ ಕೋಣೆಯಲ್ಲಿ ಎರಡೂ ಕಡೆಯವರ ಮಾತನ್ನು ಪಕ್ಷಪಾತವಿಲ್ಲದೆ ಕೇಳಿದ್ದು ಅದೊಂದೇ ಆದ್ದರಿಂದ ಮುಂದಿನ ಕಂತುಗಳಲ್ಲಿ ಪೀಠದ ಮೇಲೆ ಅದನ್ನೇ ಕೂರಿಸಬೇಕೆಂದು ಸವಿನಯವಾಗಿ ಸೂಚಿಸುತ್ತೇನೆ.

ಇನ್ನು ನಾಯಿ. ದೊರೆಯ ಮುಖ ಕ್ಯಾಮೆರಾಕ್ಕೆ ಒಗ್ಗುವುದಿಲ್ಲವೆಂದು ಅದನ್ನು ಗಾಡಿ ನಿಲ್ಲಿಸುವ ಜಾಗದಲ್ಲಿ ಕಟ್ಟಿಹಾಕಿ, ಎರಡು ಕಿವಿಯೂ ಪೂರ್ತಿಯಿರುವ, ಶಾಂಪೂ ಹಾಕಿಸಿಕೊಂಡ, ಜೇಬಿನಲ್ಲಿ ಬಿಸ್ಕತ್ತಿದ್ದವರ ಕಡೆಗೆಲ್ಲ ಭಾವುಕವಾಗಿ ಓಡುವ ವಿದೇಶಿ ತಳಿಯ ನಾಯಿಯೊಂದನ್ನು ತಂದಿರಿ. ಅದು ಬೆಳಿಗ್ಗೆ ಅಕ್ಕನ ಕಡೆಗೆ ಓಡಿತ್ತೆಂದು ತಾವು ಕಣ್ಣು ಒದ್ದೆ ಮಾಡಿಕೊಂಡು ದೊರೆಯನ್ನು ಅಕ್ಕನಿಗೆ ಒಪ್ಪಿಸಿದಿರಿ. ನಾನು ಅದನ್ನು ತಮ್ಮ ಸಂಯೋಜಕಿಯ ಕೈಗೆ ಒಪ್ಪಿಸಿದೆ. ತೀರ್ಪು ಕೆಟ್ಟದ್ದೆಂದು ನಾನು ಅನ್ನುವುದಿಲ್ಲ. ಬಿಸ್ಕತ್ತು ಬೇರೆಯವರ ಜೇಬಿನಲ್ಲಿದ್ದಿದ್ದರೆ ಇನ್ನೂ ಕೆಟ್ಟದ್ದಾಗುತ್ತಿತ್ತು.

ಈಗ ನನ್ನ ನಗು. ನನ್ನ ಸಾಕ್ಷ್ಯದ ನಡುವೆ ತಾವು ‘ಕಾನೂನಿನ ಎತ್ತರ’ ಎಂದೇನೋ ಹೇಳುತ್ತಿದ್ದಂತೆಯೇ ತಮ್ಮ ಕುರ್ಚಿ ಉಸ್ ಎಂದು ಕೆಳಗಿಳಿದು, ಮೇಜಿನ ಮೇಲೆ ತಮ್ಮ ಹಣೆ ಮಾತ್ರ ಉಳಿಯಿತು. ನಾನು ನಕ್ಕೆ. ಯಾರಾದರೂ ನಗುತ್ತಿದ್ದರು. ಆ ನಗುವನ್ನು ತಮ್ಮವರು ಜೋಪಾನವಾಗಿ ಕತ್ತರಿಸಿ, ಅಮ್ಮ ಹೋದ ದಿನ ದೊರೆ ಮಂಚದ ಕೆಳಗಿಂದ ಎದ್ದೇ ಬರಲಿಲ್ಲವೆಂದು ಅಕ್ಕ ಬೆಳಿಗ್ಗೆ ಅತ್ತಿದ್ದಳಲ್ಲ, ಆ ಅಳುವಿನ ಬಾಲಕ್ಕೆ ಅಂಟಿಸಿದರು. ಅಂದಿನಿಂದ ನಾಲ್ಕು ತಿಂಗಳು ಅಕ್ಕ ನನಗೆ ಬಾಗಿಲು ತೆರೆದಿಲ್ಲ. ಅಮ್ಮನೂ ಇಲ್ಲ, ನಾಯಿಯೂ ಇಲ್ಲ, ಅಕ್ಕನೂ ಇಲ್ಲ ಎಂಬ ಸ್ಥಿತಿಗೆ ನನ್ನನ್ನು ಮುಟ್ಟಿಸಲು ತಮಗೆ ಹಿಡಿದದ್ದು ಒಂದೇ ದಿನ.

ತಮ್ಮ ವಿಶೇಷ ಕಾರ್ಯಕ್ರಮದ ಹತ್ತೊಂಬತ್ತನೆಯ ಸ್ವಾರಸ್ಯವಾಗಿ ಆ ಕುರ್ಚಿ ಕುಸಿದ ತುಣುಕನ್ನೇ ತೋರಿಸಿದಾಗ, ಮೂಲೆಯಲ್ಲಿ ಪಟ್ಟೆ ಅಂಗಿಯ ನಾನು ಅದೇ ನಗು ನಗುತ್ತಿದ್ದೆ. ಸಾಕ್ಷಿ ಸಿಕ್ಕಿತೆಂದು ಕುಣಿದಾಡಿಕೊಂಡು ಅದನ್ನು ಮೊಬೈಲಿಗೆ ಇಳಿಸಿಕೊಂಡು ಅಕ್ಕನ ಮನೆಗೆ ಓಡಿ, ಕಿಟಕಿಯ ಸರಳಿನೊಳಗೆ ಕೈತೂರಿಸಿ ತೋರಿಸಿದೆ. ಅವಳು ಎರಡು ಸಲ ನೋಡಿದಳು. ಆಮೇಲೆ ಹೇಳಿದಳು: “ನಗುನ ನಾನು ಅವತ್ತೇ ಬಿಟ್ಟಾಕಿದೆ ಕಣೋ. ಕೇಸೂ ಬೇಡ, ಏನೂ ಬೇಡ, ನಾಯಿನ ಕರ್ಕೊಂಡು ಮನೆಗೆ ಬಂದ್ಬಿಡು, ಇಬ್ರೂ ಸಾಕೋಣ ಅಂತ ಅಷ್ಟು ಜನದ ಮುಂದೆ ಕೇಳ್ಕೊಂಡೆನಲ್ಲ, ಅದಕ್ಕೆ ಒಂದು ಮಾತು ಉತ್ತರ ಕೊಡಲಿಲ್ವಲ್ಲ ನೀನು?”

ಮಾನ್ಯರೇ, ಯಾವ ಮಾತು ಎಂದು ಸರಳು ಹಿಡಿದು ಕೇಳಿದೆ. ಅವಳಿಂದ ತಿಳಿದದ್ದು ಇದು. ಆ ಬೆಳಿಗ್ಗೆ ಅಕ್ಕ ದೂರನ್ನೇ ವಾಪಸು ತೆಗೆದುಕೊಂಡಿದ್ದಳು. ತಮ್ಮ ಸಂಯೋಜಕಿ ಅವಳಿಗೆ, “ನಿಮ್ಮ ತಮ್ಮ ಪಕ್ಕದ ರೂಮಲ್ಲಿ ಕೂತು ಎಲ್ಲ ಕೇಳಿಸ್ಕೊಳ್ತಾ ಇದ್ದಾರೆ, ನೇರವಾಗಿ ಅವರಿಗೇ ಹೇಳಿ” ಎಂದಿದ್ದರಂತೆ. ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಯಾರದೋ ಓದುವ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದೆ. ನನಗೆ ಕೇಳಿಸಲೇ ಇಲ್ಲವೆಂದರೆ ಅಕ್ಕ ನಂಬಲಿಲ್ಲ. “ಟೀವೀಲಿ ಕತ್ತರಿಸಿದ್ರು, ಒಪ್ತೀನಿ. ನಿನ್ನ ಕಿವೀನೂ ಕತ್ತರಿಸಿದ್ರಾ?” ಎಂದು ಕಿಟಕಿ ಹಾಕಿಕೊಂಡಳು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು, ಒಬ್ಬರ ಮಾತಿನಲ್ಲಿ ಒಂದು ಸಾಲು ಬಿಟ್ಟುಹೋಗುವುದು ಅವಳ ಪಾಲಿಗೆ ಸಣ್ಣ ತಪ್ಪಲ್ಲ. ಬೇಕೆಂದೇ ಬಿಡುವವರಿದ್ದಾರೆ ಎಂಬುದು ಪಾಪ ಅವಳ ಅನುಭವಕ್ಕೆ ಬಂದಿರಲಿಲ್ಲ.

ಎರಡು ಕಡೆಯವರು ರಾಜಿಯಾದರೆ ನಲವತ್ತೈದು ನಿಮಿಷ ತುಂಬಿಸುವುದು ಕಷ್ಟ, ಅದು ನನಗೂ ಅರ್ಥವಾಗುತ್ತದೆ. ಮುಲಾಮಿನವರು ಏನೆಂದುಕೊಂಡಾರು! ಆದ್ದರಿಂದ ತಮ್ಮ ಪೀಠದ ಮುಂದೆ ನನ್ನ ಪ್ರಾರ್ಥನೆಗಳು ತೀರಾ ಸಣ್ಣವು. ನನ್ನ ನಗುವನ್ನು ಬಿಚ್ಚಿ ತಮ್ಮ ಕುರ್ಚಿಯ ಪಕ್ಕಕ್ಕೇ ಮತ್ತೆ ಅಂಟಿಸಬೇಕು. ಆ ಕಂತನ್ನು ನೋಡಿದ ಪ್ರತಿಯೊಬ್ಬರ ಮನೆಗೂ ತಾವು ಚಡ್ಡಿಯಲ್ಲೇ ಖುದ್ದಾಗಿ ಹೋಗಿ, ಈ ಮನುಷ್ಯ ಅಕ್ಕನನ್ನು ನೋಡಿ ನಕ್ಕವನಲ್ಲ, ನನ್ನನ್ನು ನೋಡಿ ನಕ್ಕವನು ಎಂದು ಹೇಳಬೇಕು. ನಾಲ್ಕು ತಿಂಗಳನ್ನು ವಾಪಸು ಕೊಡಬೇಕು, ಹದಿಮೂರು ವರ್ಷದ ನಾಯಿಗೆ ಅದು ಸಣ್ಣ ಅವಧಿಯಲ್ಲ. ಇವಾವುವೂ ಆಗದಿದ್ದರೆ ಅಕ್ಕ ಆ ಬೆಳಿಗ್ಗೆ ನನಗೆಂದು ಆಡಿದ, ತಾವು ಕತ್ತರಿಸಿ ಇಟ್ಟುಕೊಂಡಿರುವ ಆ ಮಾತುಗಳನ್ನಾದರೂ ಕಳಿಸಿಕೊಡಿ. ಅವು ನನ್ನವು. ತಮಗೆ ಅವುಗಳಿಂದ ಏನೂ ಉಪಯೋಗವಿಲ್ಲವೆಂದು ತಾವೇ ತೀರ್ಮಾನಿಸಿದ್ದೀರಿ.

ತಮ್ಮ ಸುತ್ತಿಗೆ ಸದಾ ಮೆತ್ತಗಿರಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಪಟ್ಟೆ ಅಂಗಿಯ ಪ್ರತಿವಾದಿ

ಮರೆತ ಮಾತು: ಈ ಪತ್ರದ ಕರಡನ್ನು ನಿನ್ನೆ ಅಕ್ಕನ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ಗಂಟೆಯಾದ ಮೇಲೆ ಅದು ಅದೇ ಸಂದಿಯಿಂದ ಹೊರಗೆ ಬಂತು. ಕೆಂಪು ಶಾಯಿಯಲ್ಲಿ ಏಳು ತಪ್ಪು ತಿದ್ದಿದ್ದಳು. ‘ನ್ಯಾಯಮೂರ್ತಿ’ ಎಂದಿದ್ದಲ್ಲೆಲ್ಲ ಅಡ್ಡಗೆರೆ ಎಳೆದು ‘ಆಸಾಮಿ’ ಎಂದು ಬರೆದಿದ್ದಳು. ಎರಡೂ ಬೇಡವೆಂದು ಕೊನೆಗೆ ‘ಮಾನ್ಯರೇ’ ಎಂಬುದಕ್ಕೆ ರಾಜಿಯಾದೆವು; ಶೀರ್ಷಿಕೆಯನ್ನು ಮಾತ್ರ, ತಮ್ಮ ಕಚೇರಿಯವರು ಗುರುತು ಹಿಡಿಯಲೆಂದು, ನಾನು ಹಾಗೇ ಉಳಿಸಿದ್ದೇನೆ. ಕೊನೆಯ ಹಾಳೆಯ ಕೆಳಗೆ, “ಶುದ್ಧಪ್ರತಿ ಮೆಟ್ಟಿಲ ಮೇಲೆ ಕೂತು ಬರೆಯೋಕಾಗಲ್ಲ, ಒಳಗೆ ಬಾ” ಎಂದಿತ್ತು. ಹಾಗಾಗಿ ತಾವು ಆ ತುಣುಕನ್ನು ಕಳಿಸುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ಅಕ್ಕ ಅದೆಲ್ಲವನ್ನೂ ಇನ್ನೊಮ್ಮೆ ನನ್ನ ಎದುರಿಗೇ ಹೇಳಿದಳು. ಎರಡು ಗಂಟೆ ಹಿಡಿಯಿತು, ನಡುವೆ ಒಂದೂ ಜಾಹೀರಾತು ಇರಲಿಲ್ಲ, ತಾವೂ ಇರಲಿಲ್ಲ.