ಡಬ್ಬಿಯಲ್ಲಿದ್ದ ದ್ವೀಪವಾಸಿ

ವೈಜಯಂತಿಯವರು ಕದ್ದಿರಬಹುದೇ? ಛೆ, ಅವರೇಕೆ ಕದಿಯುತ್ತಾರೆ. ಆದರೆ ವರಾಂಡದ ಕಟ್ಟೆಯ ಮೇಲಿಟ್ಟ ಡಬ್ಬಿ ತಾನಾಗಿ ನಡೆದು ಹೋಗುವುದಿಲ್ಲ. ಒಳಗಿದ್ದ ಪ್ರಾಣಿಗೂ ಇದ್ದದ್ದು ಒಂದೇ ಕಾಲು, ಅದೂ ಬಹಳ ನಿಧಾನದ್ದು.

ಲೋಧಿ ಕಾಲೋನಿಯ ತನ್ನ ಮನೆಯ ಮುಂದೆ ಏಕನಾಥ ಬಾಯಿತುಂಬ ಪೇಸ್ಟ್ ನೊರೆಯೊಂದಿಗೆ ನಿಂತಿದ್ದ. ದೂರದ ಒಂದೇ ಒಂದು ದ್ವೀಪದ ಕಾಡಿನಲ್ಲಿ ಬದುಕುವ, ಕಡಲೆಕಾಳಿನಷ್ಟು ದೊಡ್ಡ ಬಸವನಹುಳುವನ್ನು ಉಳಿಸುವ ಯೋಜನೆಯಲ್ಲಿ ಅವನು ಸಹಾಯಕ. ದೆಹಲಿಗೆ ತಂದಿದ್ದ ಒಂದೇ ಹುಳು ಅವನ ಸುಪರ್ದಿಯಲ್ಲಿತ್ತು. ಕಚೇರಿಯ ಎಸಿ ಕೆಟ್ಟಿದ್ದರಿಂದ, ಯಾರಿಗೂ ತಿಳಿಸದೆ ಮನೆಗೆ ತಂದು, ಡಬ್ಬಿಯಲ್ಲಿ ಹಸಿ ಸೊಪ್ಪು ಹಾಸಿ ಮಲಗಿಸಿದ್ದ. ಮಧ್ಯಾಹ್ನ ಅಧಿಕಾರಿಯೊಬ್ಬರು ಅದನ್ನು ನೋಡಲು ಬರುವವರಿದ್ದರು. ಅದು ಅಪರೂಪದ್ದೆಂದು ಅವರು ಒಪ್ಪಿದರೆ ಆ ಕಾಡಿನ ನಡುವೆ ರಸ್ತೆ ಬರುವುದಿಲ್ಲ. ಏಕನಾಥನ ಕೆಲಸವೂ ಉಳಿಯುತ್ತದೆ.

ಡಬ್ಬಿ ಮಾತ್ರ ಮೇಲಿನ ಮನೆಯ ವೈಜಯಂತಿಯವರದು. ಹಿಂದಿನ ವಾರ ಅದರಲ್ಲಿ ಚಿತ್ರಾನ್ನ ಕಳಿಸಿದ್ದರು.

ಅವನು ಮೇಲೆ ಓಡಿದಾಗ ತೊಳೆದ ಡಬ್ಬಿ ಬೋರಲು ಬಿದ್ದಿತ್ತು.

"ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಸೊಪ್ಪು ತುಂಬಿಟ್ಟಿದ್ರಲ್ಲ, ಒಂಟಿ ಗಂಡಸರಿಗೆ ಇಷ್ಟು ಗೊತ್ತಿರೋದೇ ಹೆಚ್ಚು," ಎಂದರು ವೈಜಯಂತಿ. "ವಾಕಿಂಗ್ ಮುಗಿಸಿ ಬರ್ತಾ ನಾನೇ ಎತ್ಕೊಂಡು ಬಂದೆ. ಕನ್ನಡಕ ಕೂಡ ಹಾಕ್ಕೊಳ್ಳದೆ ಹೆಚ್ಚಿದ್ದು, ಬಸ್ಸಾರು ಆಗೇಹೋಯ್ತು."

ಸೊಪ್ಪಿನ ಜೊತೆ ಬೇರೇನಾದರೂ ಕಂಡಿತೇ ಎಂದು ಏಕನಾಥ ಮೆಲ್ಲಗೆ ಕೇಳಿದ. ಆಫೀಸಿಗೆ ಹೊರಡುವ ಮುನ್ನ ಊಟಕ್ಕೆ ಕುಳಿತಿದ್ದ ಅವರ ಪತಿ ತಿಪ್ಪೇಸ್ವಾಮಿ ತುತ್ತನ್ನು ಗಾಳಿಯಲ್ಲೇ ನಿಲ್ಲಿಸಿದರು. ಅವರು ವಿಜಿಲೆನ್ಸ್ ವಿಭಾಗದವರು.

"ಬೇರೇನು ಅಂದ್ರೆ? ಏನು ಹಾಕಿದ್ರಿ ಅದರಲ್ಲಿ?"

"ಏನಿಲ್ಲ ಸಾರ್, ಸುಮ್ನೆ ಕೇಳಿದೆ."

"ಸುಮ್ನೆ ಯಾರೂ ಕೇಳಲ್ಲ, ಏಕನಾಥ್."

ಏಕನಾಥ ತಟ್ಟೆಯತ್ತ ಬಗ್ಗಿದ. ತಿಪ್ಪೇಸ್ವಾಮಿ ಪರೀಕ್ಷೆಯಲ್ಲಿ ಉತ್ತರ ಮುಚ್ಚಿಕೊಳ್ಳುವ ಹುಡುಗನಂತೆ ತಟ್ಟೆಗೆ ಕೈ ಅಡ್ಡ ಹಿಡಿದರು.

ಸೊಪ್ಪಿನ ಕಡ್ಡಿಗಳನ್ನು ಕೆಳಗಿನ ಬೇಲಿಯ ಬುಡಕ್ಕೆ ಎಸೆದಿದ್ದಾರೆಂದು ತಿಳಿದು ಅವನು ಅಲ್ಲಿ ಮಂಡಿಯೂರಿದ. ಚೌಕೀದಾರ್ ಭಯ್ಯಾ ಬಂದು, ಏನು ಹೂತಿಟ್ಟಿದ್ದೀರಿ ಎಂದು ವಿಚಾರಿಸಿ, ಉತ್ತರ ನಂಬದೆ ಅಲ್ಲೇ ನಿಂತ. ಮಳೆಗಾಲದ ಮಣ್ಣಿನಲ್ಲಿ ಬಸವನಹುಳುಗಳಿಗೇನು ಬರ. ಆದರೆ ದ್ವೀಪದ ಹುಳುವಿನ ಚಿಪ್ಪು ಎಡಕ್ಕೆ ಸುತ್ತಿರುತ್ತದೆ. ಇವೆಲ್ಲ ಬಲಕ್ಕೆ ಸುತ್ತಿದ್ದವು. ಎಡದ್ದು ಎಲ್ಲಿರಬಹುದೆಂದು ಯೋಚಿಸಲು ಅವನಿಗೆ ಧೈರ್ಯ ಬರಲಿಲ್ಲ. ಮೇಲೆ ಬಾಲ್ಕನಿಯಲ್ಲಿ ತಿಪ್ಪೇಸ್ವಾಮಿ ಹೊಟ್ಟೆ ಸವರಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದರು.

ಅಷ್ಟೇ ಗಾತ್ರದ ಒಂದನ್ನು ಅವನು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಕಚೇರಿಗೆ ಬಂದ ಅಧಿಕಾರಿ ಸೋಮಶೇಖರ ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ನಿಂತರು. ಚಿಪ್ಪಿನ ಸುರುಳಿಯನ್ನೇ ನೋಡುತ್ತಿದ್ದಾರೆಯೇ ಎಂದು ಏಕನಾಥ ಅವರ ಕಣ್ಣನ್ನೇ ಗಮನಿಸಿದ.

"ಇದು ಆ ದ್ವೀಪದ್ದೇ ತಾನೆ?"

"ಹೌದು ಸಾರ್."

"ಅನುಮಾನ ಇಲ್ವಲ್ಲ?"

"ಇಲ್ಲ ಸಾರ್. ಮೊದಲಿಂದ ನಾನೇ ಸಾಕಿರೋದು."

ಸೋಮಶೇಖರ ಫೋನ್ ತೆಗೆದು ಒಂದು ಬಸವನಹುಳುವಿನ ಚಿತ್ರ ತೋರಿಸಿದರು.

"ಜನಕಪುರೀಲಿ ನಮ್ಮನೆ ತುಳಸಿ ಕುಂಡದ್ದು. ಥೇಟ್ ಇದೇ. ಅಚ್ಛಾ, ದೆಹಲೀಲೇ ಇಷ್ಟೊಂದು ಇರೋವಾಗ ಅಪರೂಪ ಅಂತ ಯಾಕೆ ಹೇಳ್ತಿದ್ರಿ? ರಸ್ತೆ ಆಗ್ಲಿ ಬಿಡಿ."

ಯೋಜನೆ ಮುಚ್ಚುವ ಆದೇಶಕ್ಕೆ ಸಹಿ ಹಾಕಲು ಅವರು ಪೆನ್ನು ಕೇಳಿದರು. ಏಕನಾಥ ತನ್ನದನ್ನೇ ಕೊಟ್ಟ.

ಆ ಹುಳುವನ್ನು ಬೆಳಗ್ಗೆ ಬೇಲಿಯ ಬುಡದಿಂದ ತಾನೇ ಹೆಕ್ಕಿ ತಂದದ್ದು ಎಂದು ಅವನು ಹೇಳಲಿಲ್ಲ.