ಕಲ್ಲಿಗೆ ಹಚ್ಚಿದ ಕೂಸಿನ ಎಣ್ಣಿ

ನಮ್ಮ ಓಣ್ಯಾಗ ಒಬ್ಬನ ಇರೋ ಗಂಡಸು ಏನ್ ಮಾಡಿದ್ರೂ ಸಂಶಯ. ಸುಮ್ಮನ ಕುಂತ್ರ ಇನ್ನೂ ಹೆಚ್ಚು. ಹೇಂತಿ ತೀರಿದಮ್ಯಾಲ ನಾ ಆಕಿ ಕೂಡಿಸಿಟ್ಟ ಕಲ್ಲಿನ ಕೆಲಸಕ್ಕ ಬಿದ್ದೆ. ಅಲ್ಲಿಂದ ಸುರು.

೧. ಅಕೀಕ

ತವರಿಗೆ ಹೋದಾಗೆಲ್ಲ ಆಕಿ ಕೃಷ್ಣಾ ದಂಡಿಯಿಂದ ಕಲ್ಲು ಆರಿಸಿ ತರತಿದ್ಲು. ನೀರಾಗ ಕೆಂಪು, ಜೇನಿನ ಬಣ್ಣ, ಬೂದಿ ಗೆರಿ. ಮನಿಗೆ ಬರೂದ್ರಾಗ ಒಣಗಿ ಬಟಾಟಿ ಬಣ್ಣ. ದಿನಾ ನೀರು ಚಿಮುಕಿಸಿ ನೋಡತಿದ್ಲು. ಆ ಬಣ್ಣ ಹಂಗ ನಿಲ್ಲಬೇಕು. ನನಗ ಅಷ್ಟ ಬೇಕಾಗಿತ್ತು.

ಹಳೇ ಹುಬ್ಬಳ್ಳ್ಯಾಗ ಉಂಗುರಕ್ಕ ಹರಳು ಕೂಡಿಸೋ ಚಾಚಾಗ ಒಂದು ತೋರಿಸಿದೆ. ಅವ ಕಲ್ಲು ಬಾಳ ಹೊತ್ತು ನೋಡಿದ. ನಾ ಅವನ ಕೈ ನೋಡಿದೆ.

"ಅಕೀಕ ಐತಿ, ಉಂಗುರಕ್ಕ ಹಾಕೋ ಹರಳು. ಪಾಲಿಶ್ ಮಾಡ್ಲೇನು? ಅರ್ಧ ಪುಡಿಯಾಗಿ ಹೋಗತೈತಿ, ಉಳದದ್ದು ಹೊಳಿತೈತಿ."

"ಮನ್ಯಾಗ ಆಗಲೇ ಅರ್ಧ ಹೋಗೇತಿ. ಇದು ಇಡೀ ಇರಲಿ."

"ಹಂಗಾರ ನಿಂಬಿಹುಳಿಯಾಗ ನೆನಸ್ರಿ, ಮ್ಯಾಲಿನ ಸುಣ್ಣ ಬಿಡತೈತಿ. ತೊಳದು ಒಣಗಿಸಿ, ಕೂಸಿಗೆ ಹಚ್ಚೋ ಎಣ್ಣಿ ಹಚ್ರಿ."

ರೊಕ್ಕ ತಗೊಳ್ಳಲಿಲ್ಲ. ಸಂಶಯ ಬಂತು. ಮೂಲಿ ತಿರುಗಿ ಕಿಸೇದಾಗ ಕೈ ಹಾಕಿ ನೋಡಿದೆ. ಕಲ್ಲು ನಂದ ಇತ್ತು.

೨. ನಿಂಬಿಹಣ್ಣು

ಕಟ್ಟಿ ಮ್ಯಾಲ ಕುಂತು ನಿಂಬಿಹಣ್ಣು ಕೊಯ್ದು ಬೋಗಾಣಿಯಾಗಿನ ಕಲ್ಲಿಗೆ ಹಿಂಡಿದೆ. ಅವತ್ತು ಅಮಾಸಿ ಅನ್ನೂದು ನೆನಪಿರಲಿಲ್ಲ. ಎದುರುಮನಿ ಅಕ್ಕಾರು ನೋಡಾಕತ್ತಿದ್ರು.

"ಯಾರಿಗೆ ಮಾಡಾಕತ್ತೀರಿ?"

"ಯಾರಿಗೂ ಇಲ್ರಿ. ಕಲ್ಲಿಗೆ."

"ಮಾಟ ಮಾಡಾವ್ರು ಹೆಸರು ಹೇಳತಾರೇನು, ಬಿಡ್ರಿ."

ಮರುದಿನ ಓಣ್ಯಾಗ ಎಲ್ಲಾ ಬಾಗಲಕ್ಕೂ ನಿಂಬಿಹಣ್ಣು, ಮೆಣಸಿನಕಾಯಿ. ಉಳದ ಕಲ್ಲಿಗೆ ಹಿಂಡೂಣು ಅಂದ್ರ ಪ್ಯಾಟ್ಯಾಗ ಒಂದೂ ನಿಂಬಿಹಣ್ಣು ಸಿಗಲಿಲ್ಲ.

೩. ಎಣ್ಣಿ

ಕಮರಿಪೇಟೆ ಔಷಧ ಅಂಗಡ್ಯಾವ ಮೊದಲನೇ ಬಾಟ್ಲಿಗೆ ನಕ್ಕ. "ಮೊಮ್ಮಗಾ ಬಂದಾನೇನ್ರಿ ಕಾಕಾ?"

"ನನಗ ಮಕ್ಕಳ ಇಲ್ಲೋ."

ಎರಡನೇ ಬಾಟ್ಲಿಗೆ ನಗಲಿಲ್ಲ. ಆಜುಬಾಜು ನೋಡಿ, ಹಾಳ್ಯಾಗ ಸುತ್ತಿ ಕೊಟ್ಟ.

೪. ನಾದಿನಿ

ನಾ ಇನ್ನೊಂದು ಸಂಸಾರ ಹೂಡೇನಿ ಅಂತ ಸುದ್ದಿ ಕೃಷ್ಣಾ ದಂಡಿ ಮುಟ್ಟಿತು. ಹೇಂತಿ ತಂಗಿ ಖಾಲಿ ಚೀಲ ಹಿಡಕೊಂಡು ಬಂದ್ಲು.

"ಅಕ್ಕನ ಕಲ್ಲು ಹೊಳಿಗೆ ಬಿಡತೇನಿ. ಹೊಸದಾಗಿ ಬಂದಾಕಿ ಕೈಗೆ ಸಿಗಬಾರದು."

"ಯಾರೂ ಬಂದಿಲ್ಲ ಯವ್ವಾ."

ಅಡಗಿಮನ್ಯಾಗ ಹೋಗಿ ಎರಡನೇ ತಾಟು ಹಸಿ ಐತೇನು ಮುಟ್ಟಿ ನೋಡಿದ್ಲು.

ರಾತ್ರಿ ಇಲ್ಲೇ ಉಳದ್ಲು. ಮರುದಿನ ಮುಂಜಾನೆ ನಾ ಖೋಲಿ ಬಾಗಲಾ ಮುಚ್ಚಿಕೊಂಡು ಒಂದೊಂದ ಕಲ್ಲಿಗೆ ಎಣ್ಣಿ ಹಚ್ಚಾಕತ್ತಿದ್ದೆ. ಒಬ್ಬನ ಇದ್ದು ಇದ್ದು ಮಾತಾಡೋ ರೂಢಿ ಬಿದ್ದೈತಿ.

"ತಡಿ, ಈ ಕಡೆ ತಿರುಗು. ಎಣ್ಣಿ ಹಚ್ಚಿದಮ್ಯಾಲ ಎಷ್ಟ ಛಲೋ ಕಾಣತಿ."

ಬಾಗಲಾ ಧಡ್ ಅಂತ ತೆರೀತು. ನಾದಿನಿ. ಹಿಂದ ಎದುರುಮನಿ ಅಕ್ಕಾರು, ಕೈಯಾಗ ಕಸಬರಿಗಿ. ಇಬ್ಬರೂ ಬಗ್ಗಿ ಮಂಚದ ಕೆಳಗ ನೋಡಿದ್ರು. ಆಮ್ಯಾಲ ನನ್ನ ಅಂಗೈ ನೋಡಿದ್ರು.

ನಾದಿನಿ ಕಲ್ಲು ಇಸಕೊಂಡ್ಲು. ಕೆಂಪು, ನಡುವ ಜೇನಿನ ಗೆರಿ.

"ನೀರಿಲ್ಲದ ಹಿಂಗ ಐತೇನು?"

"ಐತಿ."

ನಾದಿನಿ ಕಲ್ಲು ಬೆಳಕಿಗೆ ಹಿಡದ್ಲು. "ಎಷ್ಟ ಛಲೋ ಕಾಣತಿ ಅಂತ ಅಕ್ಕಗ ಎಂದಾರ ಅಂದಿದ್ರೇನು, ಮಾವಾ?"

"ಒಮ್ಮೆ ಅಂದಿದ್ದೆ."

"ಏನಂದ್ಲು?"

"'ಏನ್ ಒಡದು ಬಂದ್ರಿ?' ಅಂತ ಕೇಳಿದ್ಲು."

ನಾದಿನಿ ನಕ್ಲು, ಕಣ್ಣೂ ಒರಿಸಿಕೊಂಡ್ಲು. ಚೀಲಾ ಮಡಚಿ ಅದರ ಮ್ಯಾಲ ಕುಂತು, ಎಣ್ಣಿ ಬಾಟ್ಲಿ ಕೊಡ್ರಿ ಅಂತ ಕೈ ಚಾಚಿದ್ಲು.

ಎದುರುಮನಿ ಅಕ್ಕಾರು ಕಸಬರಿಗಿ ಇಳಿಸಿರಲಿಲ್ಲ.

"ಅದಿರಲಿ. ಖರೇ ಹೇಳ್ರಿ, ಏನ್ ಒಡದಿದ್ರಿ?"